ಬಾವಿಯ ಪಕ್ಕದ ವೀರಗಲ್ಲು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮಗೆ ಬೆಳಗಾಗುತ್ತಿದ್ದುದು ಕಲ್ಲು ಒಡೆಯುವ ಸದ್ದಿನಿಂದ. ಕಲಬುರಗಿ ಕಡೆಯಿಂದ ಕೂಲಿಗೆಂದು ಬಂದ ನಾವು, ಪುಣೆಯ ಹೊರಗಿನ ಕಾತ್ರಜ ಘಾಟಿನ ಆಚೆ ಸಾತಾರಾ ರಸ್ತೆಯ ಒಂದು ಸಣ್ಣ ಊರಿನ ಅಂಚಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದೆವು. ಅವ್ವ ನಮ್ಮ ಊರಲ್ಲೇ ತೀರಿಹೋಗಿದ್ದಳು. ಅಪ್ಪ ರಸ್ತೆಗೆ ಜಲ್ಲಿ ಒಡೆಯುತ್ತಿದ್ದ, ಅಕ್ಕ ಅದನ್ನು ಬುಟ್ಟಿಯಲ್ಲಿ ಹೊರುತ್ತಿದ್ದಳು. ಊರಿನ ಮಕ್ಕಳ ಜೊತೆ ಆಡಿ ಆಡಿ ನನಗೆ ಮರಾಠಿ ಬಂದಿತ್ತು. ಅಪ್ಪನಿಗೂ ಅಕ್ಕನಿಗೂ ಬರುತ್ತಿರಲಿಲ್ಲ.

ಊರಿನ ಬಾವಿಯ ಪಕ್ಕ ನನ್ನ ಎದೆಯೆತ್ತರದ ಒಂದು ವೀರಗಲ್ಲಿತ್ತು. ದನ ಕದಿಯಲು ಬಂದವರೊಂದಿಗೆ ಹೋರಾಡಿ ಸತ್ತವನ ನೆನಪಿಗೆ ಹಿಂದಿನವರು ನಿಲ್ಲಿಸಿದ ಕಲ್ಲು ಅದು. ಕೆಳಗೆ ದನಗಳು, ನಡುವೆ ಕತ್ತಿ ಹಿಡಿದ ವೀರ, ಮೇಲೆ ಸೂರ್ಯ ಚಂದ್ರ. ಹೆಂಗಸರು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಮುಟ್ಟಿದರೆ ಬೆರಳು ಜಿಡ್ಡಾಗಿ ಕಮಟು ವಾಸನೆ ಬರುತ್ತಿತ್ತು. ನಮ್ಮ ಊರಿನಲ್ಲೂ ಇಂಥದೇ ಒಂದು ಕಲ್ಲಿತ್ತಂತೆ. ಅಪ್ಪ ಕೆಲಸಕ್ಕೆ ಹೋಗುವಾಗ ಇದರ ಮುಂದೆ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ರಸ್ತೆಯ ಕೆಲಸ ಆ ಕಲ್ಲಿನ ತನಕ ಬಂತು. ನಮ್ಮನ್ನು ಕೂಲಿಗೆ ಕರೆತಂದಿದ್ದ ಮುಕಾದಮ ನಮ್ಮ ಕಡೆಯವನೇ. ಊರವರು ಉಂಡು ಮಲಗಿದ್ದ ಹೊತ್ತು ನೋಡಿ ಅಪ್ಪನನ್ನು ಕರೆದ.

"ಇದನ್ನ ಒಡದು ಹಾಕು. ಊರಾಗಿನವರು ಏಳೂದ್ರಾಗ ಮುಗಿಬೇಕು."

"ಇದು ನನ್ನ ಕೈಲಿ ಆಗೂದಿಲ್ಲರಿ," ಅಂದ ಅಪ್ಪ. "ಊರವರಿಗಿ ಒಂದು ಮಾತು ಕೇಳಿ, ಎತ್ತಿ ಆ ಕಡಿ ಇಡೋಣು."

"ನಿನಗ ಯಾರು ಕೇಳ್ಯಾರ? ಒಡಿ ಅಂದ್ರ ಒಡಿ."

ಅಪ್ಪ ಸುತ್ತಿಗೆಯನ್ನು ನೆಲಕ್ಕಿಟ್ಟ. ಮುಕಾದಮ ಗುದ್ದಲಿಯ ಕಾವು ಎತ್ತಿ ಅಪ್ಪನ ಕಿವಿಯ ಮೇಲೆ ಹೊಡೆದ. ಒಣ ಕೊಂಬೆ ಮುರಿದಂಥ ಸದ್ದಾಯಿತು. ಅಪ್ಪ ಮಂಡಿಯೂರಿದ ಮೇಲೂ ಅವನು ಬೆನ್ನಿಗೆ, ಪಕ್ಕೆಗೆ ಬಡಿಯುತ್ತಲೇ ಇದ್ದ. ಉಳಿದ ಕೂಲಿಗಳು ಬುಟ್ಟಿ ಹಿಡಿದು ನಿಂತೇ ಇದ್ದರು. ಕೊನೆಗೆ ಮುಕಾದಮ ತಾನೇ ಸುತ್ತಿಗೆ ಎತ್ತಿ ವೀರಗಲ್ಲಿಗೆ ಅಪ್ಪಳಿಸಿದ. ಚಂದ್ರನಿದ್ದ ಮೂಲೆ ಸಿಡಿದು ಹಾರಿತು.

ಆ ಸದ್ದಿಗೆ ಊರು ಎದ್ದಿತು. ಜನ ಓಡಿ ಬರುವುದನ್ನು ಕಂಡು ಮುಕಾದಮ ಸುತ್ತಿಗೆ ಎಸೆದು ಓಡಿದ, ಕೂಲಿಗಳೂ ಚದುರಿದರು. ಬಂದವರಿಗೆ ಕಂಡದ್ದು ಮುರಿದ ಕಲ್ಲು, ಅದರ ಬುಡದಲ್ಲಿ ಸುತ್ತಿಗೆ, ಪಕ್ಕದಲ್ಲಿ ಅಪ್ಪ. ಅವರು ಏನೂ ಕೇಳಲಿಲ್ಲ. ಕೋಲು, ಚಪ್ಪಲಿ, ನಾವೇ ಒಡೆದಿಟ್ಟಿದ್ದ ಜಲ್ಲಿ, ಕೈಗೆ ಸಿಕ್ಕಿದ್ದರಿಂದ ಹೊಡೆದರು. ಧೂಳಿನಲ್ಲಿ ಅಪ್ಪನ ಬಿಳಿ ಅಂಗಿ ಕೆಂಪಾಗುತ್ತ ಹೋಯಿತು. ಒಂದು ಚೂಪು ಕಲ್ಲು ಎಡಗಣ್ಣಿಗೇ ಬಿತ್ತು. ಅಕ್ಕ ಅಪ್ಪನ ಮೇಲೆ ಅಡ್ಡ ಬಿದ್ದು, "ಹೊಡಿಬ್ಯಾಡ್ರಿ, ನಮ್ಮಪ್ಪ ಒಡದಿಲ್ಲರಿ," ಎಂದು ಕೂಗುತ್ತಲೇ ಇದ್ದಳು. ಅವಳ ಕನ್ನಡ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಒಬ್ಬ ಎತ್ತರದ ಮನುಷ್ಯ ಬೀಸಿದ ಕೋಲಿಗೆ ಅವಳ ಬಲಗೈ ಮುರಿದು ಜೋತುಬಿತ್ತು.

ನಾನು ಬಾವಿಯ ಕಟ್ಟೆಗೆ ಅಂಟಿಕೊಂಡು ನಿಂತಿದ್ದೆ. ಅವನು ಮತ್ತೆ ಕೋಲೆತ್ತಿದಾಗ ಓಡಿಹೋಗಿ ಅವನ ತೊಡೆಗೆ ಹಲ್ಲೂರಿದೆ. ಬಾಯಿಗೆ ರಕ್ತದ ಉಪ್ಪು ಬಂತು. ಅವನು ನನ್ನ ಕೂದಲು ಹಿಡಿದು ಎತ್ತಿದ ನೋವಿಗೆ ಮಾತು ಹೊರಬಿತ್ತು. "ಬಾಬಾನೀ ನಾಹೀ ಫೋಡ್ಲಾ," ಎಂದು ಮರಾಠಿಯಲ್ಲಿ ಕಿರುಚಿದೆ. ಅಪ್ಪ ಒಡೆಯಲಿಲ್ಲ, ಒಡೆಯಲಾರೆ ಅಂದದ್ದಕ್ಕೇ ಮುಕಾದಮ ಹೊಡೆದ ಎಂದು ಅಳುತ್ತ ಹೇಳಿದೆ. ನನ್ನ ಕೂದಲು ಹಿಡಿದ ಕೈ ಸಡಿಲವಾಯಿತು. ಅವನು "ನಿಲ್ಲಿಸಿ" ಎಂದು ಕೂಗಿದರೂ ಕೆಲವರು ನಿಲ್ಲಿಸಲಿಲ್ಲ. ಅವರನ್ನು ಅವನು ಅದೇ ಕೋಲಿನಿಂದ ಹಿಂದೆ ತಳ್ಳಬೇಕಾಯಿತು.

ಆಮೇಲೆ ಅವನೇ ಅಪ್ಪನನ್ನು ಹೆಗಲಿಗೆ ಹಾಕಿಕೊಂಡ. ತರಕಾರಿ ಲಾರಿಯೊಂದನ್ನು ನಿಲ್ಲಿಸಿ ನಮ್ಮನ್ನು ಪುಣೆಯ ಆಸ್ಪತ್ರೆಗೆ ಕರೆದೊಯ್ದ. ಘಾಟಿನ ತಿರುವುಗಳಲ್ಲಿ ಅಲುಗದಂತೆ ಅಕ್ಕನ ಮುರಿದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನು ಅಳುತ್ತಿದ್ದ. ಅಕ್ಕ ಅವನ ಕಡೆ ನೋಡಲಿಲ್ಲ. ನನಗೂ ಕರುಣೆ ಬರಲಿಲ್ಲ. ಅಪ್ಪ ಬದುಕಿಕೊಂಡ, ಎಡಗಣ್ಣು ಮಾತ್ರ ಹೋಯಿತು. ಊರವರು ಹಟ ಹಿಡಿದು ರಸ್ತೆಯನ್ನು ಕಲ್ಲಿನ ಪಕ್ಕಕ್ಕೆ ತಿರುಗಿಸಿ ಹಾಕಿಸಿದರು. ಕಲ್ಲು ಉಳಿಯಿತು. ಮುಕಾದಮನನ್ನು ನಾವು ಮತ್ತೆ ಕಾಣಲಿಲ್ಲ.

ಮೊನ್ನೆ ನಿಮ್ಮನ್ನು ಪುಣೆಯ ಈ ಹಡಪಸರದಿಂದ ಶಾಲೆಯ ಬಸ್ಸಿನಲ್ಲಿ ಆ ವೀರಗಲ್ಲಿನ ಬಳಿಗೇ ಕರೆದುಕೊಂಡು ಹೋಗಿದ್ದರು. ಈಗ ಸುತ್ತ ಕಬ್ಬಿಣದ ಕಂಬಿ ಇದೆ, ವೀರನ ಕತೆ ಬರೆದ ಬೋರ್ಡಿದೆ, ನೀವು ನಗುತ್ತ ಫೋಟೊ ತೆಗೆಸಿಕೊಂಡು ಬಂದಿರಿ. ಅದು ಒಳ್ಳೆಯದೇ. ನಿಮ್ಮ ಮೊಬೈಲಿನಲ್ಲೂ ಹೊಡೆದಾಟಗಳು ಬರುತ್ತವೆ, ಬೆರಳಿನಿಂದ ಸರಿಸಿದರೆ ಹೋಗಿಬಿಡುತ್ತವೆ. ನಮ್ಮದು ಹಾಗೆ ಹೋಗಲಿಲ್ಲ. ಅಕ್ಕ ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತಳು. ನಾನು ಅಪ್ಪ ಇರುವ ತನಕ, ಗಾಡಿ ಬಂದರೆ ಹೇಳಬೇಕಲ್ಲ ಎಂದು, ಅವನ ಎಡಗಡೆಗೇ ನಡೆದೆ.