ಕೆರೆ ಬರಿದು ಮಾಡಿ ತೋರಿಸಿದ ಮರಿಯಪ್ಪ

ಮಾರೇನಹಳ್ಳಿಯ ಆಚೆ, ಈಗ ನಾಲ್ಕು ಅಡ್ಡರಸ್ತೆಗಳಿರುವ ಕಡೆ, ಒಂದು ಕೆರೆ ಇತ್ತು. ಅದರ ನೀರಗಂಟಿ ಮರಿಯಪ್ಪ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರೋ ಅಷ್ಟು ಬಿಡುವುದು, ಆಮೇಲೆ ಮುಚ್ಚುವುದು ಅವನ ಕೆಲಸ, ಅಪ್ಪನಿಂದ ಬಂದದ್ದು. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಭತ್ತ ಅವನ ಪಾಲು. ಸಾವಿರದ ಒಂಬೈನೂರ ಎಪ್ಪತ್ತೆರಡರ ಹೊತ್ತಿಗೆ ಗದ್ದೆಗಳೆಲ್ಲ ಸೈಟುಗಳಾದವು. ಭತ್ತ ಕೊಡುತ್ತಿದ್ದ ಗೌಡರು ಬಾಡಿಗೆ ಮನೆ ಕಟ್ಟಿಸಿದರು. ಮರಿಯಪ್ಪ ಮಾತ್ರ ಬೆಳಿಗ್ಗೆ ಎದ್ದರೆ ಏರಿಯ ಮೇಲೆ ಹಾಜರು. ಹೆಂಡತಿ ಚಿಕ್ಕಲಕ್ಷ್ಮಮ್ಮ ನಾಲ್ಕು ಮನೆಯ ಪಾತ್ರೆ ತೊಳೆದು ಹಿಟ್ಟಿಗೆ ದಾರಿ ಮಾಡುತ್ತಿದ್ದಳು. ಅವನು ನನ್ನ ಸಿಮೆಂಟು ಅಂಗಡಿಯ ಮುಂದೆ ಹಾಯುವಾಗ, ನೀರು ಬಿಡುವುದಕ್ಕೆ ಗದ್ದೆಯೇ ಇಲ್ಲ, ಕೆರೆಯನ್ನು ಯಾರಾದರೂ ಹೊತ್ತುಕೊಂಡು ಹೋಗುತ್ತಾರೆಂದು ಕಾಯುತ್ತೀಯಾ ಎಂದು ನಾನು ಕಾಲೆಳೆಯುತ್ತಿದ್ದೆ.

ಎಪ್ಪತ್ತನಾಲ್ಕರಲ್ಲಿ ಹೊತ್ತುಕೊಂಡು ಹೋಗುವವರು ಬಂದರು. ಸರ್ವೆಯವರು ಏರಿಯ ಮೇಲೆ ಕಲ್ಲು ನೆಟ್ಟರು. ಕೆರೆ ಬತ್ತಿದೆಯೆಂದು ಕಚೇರಿಯಲ್ಲಿ ತೀರ್ಮಾನವಾದರೆ ಅಂಗಳವನ್ನೆಲ್ಲ ಸೈಟು ಮಾಡಿ ಹಂಚುತ್ತಾರೆ ಎಂದು ಸುದ್ದಿಯಾಯಿತು.

ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದ ತುಂಗಾ ಟೀಚರು ಅರ್ಜಿ ಬರೆದರು. ಸುತ್ತಲಿನ ಬಾವಿಗಳ ಒರತೆಯೆಲ್ಲ ಈ ಕೆರೆಯದೇ ಎಂದು ಅವರಿಗೆ ತಿಳಿಸಿದವನು ಮರಿಯಪ್ಪ. ಅರ್ಜಿ ಹಿಡಿದು ಮನೆಮನೆ ತಿರುಗಿದವನೂ ಅವನೇ. ಓದಲು ಬಾರದ ಕಾಗದವನ್ನು ಬಾಗಿಲಲ್ಲಿ ನಿಂತು ಬಾಯಿಪಾಠ ಒಪ್ಪಿಸುತ್ತಿದ್ದ. ಬ್ಯಾಂಕಿನವರು, ಪೋಸ್ಟಾಫೀಸಿನವರು ಸಹಿ ಹಾಕಿದರು. ಅವರಲ್ಲಿ ಅರ್ಧ ಜನ ಕೆರೆಯಂಗಳದ ಸೈಟಿಗೂ ಅರ್ಜಿ ಹಾಕಿದ್ದರು. ನಾನೂ ಸಹಿ ಹಾಕಿದೆ. ಸಹಿಗೆ ಸಿಮೆಂಟು ಖರ್ಚಾಗುವುದಿಲ್ಲ.

ಮರುವರ್ಷ ಉತ್ತರ ಬಂತು. ಮೇ ಹನ್ನೆರಡಕ್ಕೆ ಇಂಜಿನಿಯರು ತನಿಖೆಗೆ ಬರುತ್ತಾರೆ. ನೀರು ನಿಲ್ಲುವ ಕೆರೆಯಾದರೆ ಮುಟ್ಟುವುದಿಲ್ಲ. ಟೀಚರು ಮರಿಯಪ್ಪನಿಗೆ ಇಷ್ಟನ್ನು ಹೇಳಿ, ಕೆರೆ ಚೆನ್ನಾಗಿ ಕಾಣುವ ಹಾಗೆ ನೋಡಿಕೋ ಎಂದು ಬೇಸಿಗೆ ರಜೆಗೆ ಶಿವಮೊಗ್ಗದ ರೈಲು ಹತ್ತಿದರು.

ಮರಿಯಪ್ಪನಿಗೆ ತನಿಖೆ ಹೊಸದಲ್ಲ. ಹಿಂದೆ ಬೇಸಿಗೆಯಲ್ಲಿ ಅಮಲ್ದಾರರು ಬರುತ್ತಾರೆಂದರೆ ಅವನಪ್ಪ ವಾರ ಮೊದಲೇ ತೂಬು ತೆಗೆದು ಕೆರೆ ಇಳಿಸುತ್ತಿದ್ದ. ನೀರು ತುಂಬಿದ್ದರೆ ಏರಿಯ ಬುಡ, ತೂಬಿನ ಬಾಯಿ ಬಿರುಕು ಬಿಟ್ಟಿದೆಯೋ ಇಲ್ಲವೋ ಕಾಣುವುದು ಹೇಗೆ? ನೀರು ಇಳಿಸದ ನೀರಗಂಟಿ ಸಾಹೇಬರಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ.

ಆ ಮೇ ತಿಂಗಳಲ್ಲೂ ಎದೆಮಟ್ಟ ನೀರಿತ್ತು. ಮರಿಯಪ್ಪ ತೂಬು ತೆಗೆದ. ಕಾಲುವೆ ನನ್ನ ಅಂಗಡಿಯ ಹಿಂದೆಯೇ ಹರಿಯುತ್ತಿತ್ತು. ಮೂರನೆಯ ದಿನ ಕೇಳಿದೆ.

“ಏನೋ ಮರಿಯಪ್ಪ, ನಿನ್ ಕೆರೆಗೆ ಭೇದಿ ಹತ್ಕೊಂಡಿದ್ಯಾ?”

“ಸಾಹೇಬ್ರು ಬತ್ತಾವ್ರೆ ಸೆಟ್ರೇ. ಬುಡ ತೋರಿಸ್ಬೇಕು.”

ಇದರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಅಷ್ಟರಲ್ಲಿ ಸಿಮೆಂಟಿನ ಲಾರಿ ಬಂತು. ಮೂಟೆ ಇಳಿಸುವ ಗಡಿಬಿಡಿಯಲ್ಲಿ ಅನ್ನಿಸಿದ್ದು ಹಾರಿಹೋಯಿತು. ಹಾರಿಹೋಗಲು ಬಿಟ್ಟೆ ಎನ್ನುವುದೇ ಸರಿ.

ಹನ್ನೆರಡನೆಯ ತಾರೀಕು ಇಂಜಿನಿಯರು ಜೀಪಿನಲ್ಲಿ ಬಂದರು. ಅಂಗಳದ ಕೆಸರು ಆಗಲೇ ಬಿರಿಯುತ್ತಿತ್ತು. ಮರಿಯಪ್ಪ ಒಗೆದ ವಸ್ತ್ರ ತಲೆಗೆ ಸುತ್ತಿಕೊಂಡು, ಅವರನ್ನು ತೂಬಿನವರೆಗೂ ಇಳಿಸಿ, ಕಲ್ಲುಗಳನ್ನು ತಟ್ಟಿ ತಟ್ಟಿ ತೋರಿಸಿದ. ಹಿಂದಿನ ದಿನವೆಲ್ಲ ತೆಂಗಿನ ನಾರಿನಲ್ಲಿ ಅವನ್ನು ಉಜ್ಜಿದ್ದನಂತೆ.

“ಒಂದು ಹನಿ ಸೋರಲ್ಲ ಸಾಮಿ.”

“ಸೋರೋಕೆ ನೀರೆಲ್ಲಿದೆಯಪ್ಪ?”

“ನಾನೇ ಬುಟ್ಟೆ. ತಾವು ನೋಡ್ಬೇಕಲ್ಲ.”

ಇಂಜಿನಿಯರು ಕೆಟ್ಟವರೇನಲ್ಲ. ಕೆರೆ ಉಳಿಸಿಕೊಳ್ಳಲು ಕೆರೆಯನ್ನೇ ಬರಿದು ಮಾಡಿದ ಮನುಷ್ಯ ಎಂದು ಯಾವ ನಮೂನೆಯಲ್ಲಿ ಬರೆಯುವುದು? ಕಂಡದ್ದನ್ನು ಬರೆದರು: ತನಿಖೆಯ ದಿನ ಕೆರೆಯಲ್ಲಿ ನೀರಿಲ್ಲ. ಮಹಜರಿಗೆ ಸ್ಥಳೀಯ ಸಾಕ್ಷಿ ಬೇಕಿತ್ತು. ಗುಮಾಸ್ತ ಇಂಕಿನ ಪ್ಯಾಡು ಮುಂದೆ ಹಿಡಿದ. ತೂಬು ಸಾಹೇಬರಿಗೆ ಮೆಚ್ಚುಗೆಯಾಯಿತೆಂದುಕೊಂಡು ಮರಿಯಪ್ಪ ಹೆಬ್ಬೆಟ್ಟು ಒತ್ತಿದ.

ಟೀಚರು ಊರಿಂದ ಬಂದು ಕಚೇರಿಗೆ ಅಲೆದರು. ನಿಮ್ಮ ನೀರಗಂಟಿಯೇ ಒಪ್ಪಿದ್ದಾನಲ್ಲ ಎಂದು ಅಲ್ಲಿನವರು ಕಾಗದ ತೋರಿಸಿದರಂತೆ. ಒತ್ತಿದ್ದು ಏನಕ್ಕೆ ಎಂದು ಟೀಚರು ಮರಿಯಪ್ಪನಿಗೆ ಬಿಡಿಸಿ ಹೇಳಿದರು. ಆಮೇಲೆ ಅವನು ಎರಡು ದಿನ ಮುದ್ದೆ ಮುಟ್ಟಲಿಲ್ಲ ಎಂದು ಚಿಕ್ಕಲಕ್ಷ್ಮಮ್ಮ ಹೇಳಿದಳು. ತನಿಖೆಯ ಸಂಜೆಯೇ ಅವನು ತೂಬು ಮುಚ್ಚಿದ್ದರಿಂದ ಆಗಸ್ಟಿನ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಬಂದು ನೋಡಿ ಸಾಮಿ ಎಂದು ಕರೆಯಲು ಕಚೇರಿಯವರೆಗೆ ನಡೆದುಕೊಂಡು ಹೋದ. ಇಂಜಿನಿಯರಿಗೆ ವರ್ಗವಾಗಿತ್ತು. ಫೈಲಿಗೆ ಆಗಿರಲಿಲ್ಲ.

ಜನವರಿಯಲ್ಲಿ ಕಂಟ್ರಾಕ್ಟರು ವೆಂಕಟರಮಣಪ್ಪ ಮಣ್ಣಿನ ಲಾರಿಗಳೊಂದಿಗೆ ಬಂದ. ಕಾಗದದಲ್ಲಿ ಇಲ್ಲದ ನೀರು ಎದುರಿಗಿದ್ದದ್ದರಿಂದ ಏರಿ ಒಡೆಯುತ್ತೇನೆಂದ. ಒಡೆದರೆ ಕೆಳಗಿನ ಗುಡಿಸಲುಗಳು ಕೊಚ್ಚಿಹೋಗುತ್ತಿದ್ದವು. ತುಂಗಾ ಟೀಚರು ಒಬ್ಬರೇ ಲಾರಿಗೆ ಅಡ್ಡ ನಿಂತರು. ಎಮರ್ಜೆನ್ಸಿಯ ಕಾಲ, ಸಹಿ ಹಾಕಿದವರು ಯಾರೂ ಆ ಕಡೆ ತಲೆಹಾಕಲಿಲ್ಲ. ನಾನು ಹೋಗಿದ್ದೆ, ಕಂಟ್ರಾಕ್ಟರಿಗೆ ಸಿಮೆಂಟು ಬೇಕಿತ್ತು.

“ಬುಡಿ ಅಮ್ಮಾ,” ಎಂದ ಮರಿಯಪ್ಪ. “ಗುಡ್ಲಾಗೆ ಮಕ್ಳವೆ. ನಾನೇ ಇಳಿಸ್ತೀನಿ.”

ನೀರಿಗಿಳಿದು ಈಜಿಹೋಗಿ ತೂಬು ತೆಗೆದ. ಹರಿದು ಮುಗಿಯಲು ಆರು ದಿನ ಬೇಕಾಯಿತು. ಜನ ಬುಟ್ಟಿ ತಂದು ಮೀನು ಬಾಚಿದರು. ಅವನು ಏರಿಯ ಮೇಲೆಯೇ ಕುಳಿತಿದ್ದ. ಏಳನೆಯ ದಿನ ಬೆಳಿಗ್ಗೆ ಎದ್ದು ವೆಂಕಟರಮಣಪ್ಪನ ಬಳಿ ಹೋದ.

“ತೂಬು ಮುಚ್ಚಲಾ ಬುದ್ಧಿ?”

“ಇನ್ಯಾಕೆ ಮುಚ್ತೀಯ? ಹೋಗಿ ಮಲ್ಕೊ.”

ನೀರು ಬಿಟ್ಟಮೇಲೆ ತೂಬು ಮುಚ್ಚದೆ ಅವನು ಏರಿ ಇಳಿದು ಮನೆಗೆ ಹೋದದ್ದು ಅದೊಂದೇ ಸಲ.