ಅರ್ಧ ಗೋಡೆಯ ಟೀಚರು

ಜಪಾನಿನ ಫುನಾಬೊರಿಯ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಚಂದ್ರಪ್ರಭಾ ಇದ್ದಾರೆ. ನನಗವರು ಪ್ರಭಕ್ಕ. ಅವರ ಗಂಡ ರಮಾಕಾಂತರು ಒಂದು ಸಂಶೋಧನಾ ಸಂಸ್ಥೆಯಲ್ಲಿ ಲೋಹದ ತೆಳು ಹಾಳೆಗಳ ಮೇಲೆ ಕೆಲಸ ಮಾಡುತ್ತಾರೆ. ಅವರ ಮಾತೂ ಅಷ್ಟೇ ತೆಳು, ದಿನಕ್ಕೆ ನಾಲ್ಕು ವಾಕ್ಯ ದಾಟಿದರೆ ಹಬ್ಬ. ಇಂಥವರ ಜೊತೆ ಮನೆಯಲ್ಲಿ ಕೂತು ಪ್ರಭಕ್ಕ ಹತ್ತು ವರ್ಷ ಹೇಗೆ ಕಳೆದರೋ ನನಗಂತೂ ಗೊತ್ತಿಲ್ಲ. ಜಪಾನಿಗೆ ಬರುವ ಮುಂಚೆ ಅವರು ಹರಿಹರದ ಒಂದು ಹೈಸ್ಕೂಲಿನಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದವರು.

೨೦೧೯ರಲ್ಲಿ ಅವರಿಗೆ ಇಲ್ಲೂ ಆ ಕೆಲಸ ಸಿಕ್ಕಿತು. ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಟೀಚರುಗಳನ್ನು ಕಳಿಸುವ ಒಂದು ಕಂಪನಿಯಿಂದ, ನಮ್ಮದೇ ಬಡಾವಣೆಯ ಪ್ರಾಥಮಿಕ ಶಾಲೆಗೆ. ಸಂದರ್ಶನದಲ್ಲಿ, "ಇಂಗ್ಲಿಷ್ ನಿಮ್ಮ ಮಾತೃಭಾಷೆ ಅಲ್ಲವಲ್ಲ?" ಎಂದು ಮೂಗು ಮುರಿದರಂತೆ. ಪ್ರಭಕ್ಕ ಕೊಟ್ಟ ಉತ್ತರವನ್ನು ನಾನು ಇವತ್ತಿಗೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. "ಹುಟ್ಟುತ್ತಲೇ ಇಂಗ್ಲಿಷ್ ಬಂದವರಿಗೆ ಅದು ಬರದೇ ಇರೋದು ಹೇಗಿರುತ್ತೆ ಅಂತ ಗೊತ್ತಿಲ್ಲ. ನನಗೆ ಗೊತ್ತು."

ಮೊದಲ ದಿನ ಗೇಟಿನ ಹತ್ತಿರ ಮಕ್ಕಳು "ಪ್ರಭಾ ಸೆನ್ಸೇ!" ಎಂದು ಕೂಗಿದರಂತೆ. ಸೆನ್ಸೇ ಎಂದರೆ ಇಲ್ಲಿ ಟೀಚರು. ಸಂಜೆ ಪ್ರಭಕ್ಕ ನಮ್ಮ ಮನೆಗೆ ಬಂದು ಚಹಾ ಲೋಟ ಹಿಡಿದುಕೊಂಡೇ ಅತ್ತರು. "ಇಷ್ಟು ದಿನ ರಮಾಕಾಂತ್ ವೈಫ್ ಆಗಿದ್ದೆ ಕಣ್ರೀ. ಇವತ್ತು ಮತ್ತೆ ಟೀಚರ್ ಆದೆ." ಅವರಿಗೆ ಆ ಕೆಲಸ ಎಂದರೆ ಏನು ಎಂಬುದು ಅವತ್ತೇ ನನಗೆ ತಿಳಿಯಿತು.

ಮರುವರ್ಷ ಕೊರೊನಾ ಬಂತು. ಜೂನ್‌ನಲ್ಲಿ ಶಾಲೆ ಮತ್ತೆ ತೆರೆದಾಗ ಅಲ್ಲೇ ನಾಲ್ಕನೇ ತರಗತಿಯಲ್ಲಿದ್ದ ನನ್ನ ಮಗಳು ನಿಶಾ ಮನೆಗೆ ತಂದ ನಿಯಮಗಳ ಹಾಳೆ ಮೊಳದುದ್ದ ಇತ್ತು. ಎಲ್ಲರಿಗೂ ಮಾಸ್ಕ್. ಊಟಕ್ಕೆ ಕೂತರೆ ಎಲ್ಲರೂ ಬೋರ್ಡಿನ ಕಡೆ ಮುಖ ಮಾಡಿ ತುಟಿಪಿಟಿಕ್ಕೆನ್ನದೆ ತಿನ್ನಬೇಕು. ತರಗತಿಯಲ್ಲಿ ದನಿ ಎತ್ತುವಂತಿಲ್ಲ, ಹಾಡುವಂತಿಲ್ಲ. ಇನ್ನು ಇಂಗ್ಲಿಷ್ ಕಲಿಸುವುದು ಹೇಗೆ?

ಶಾಲೆಯದು ಹೀಗಾದರೆ ಕಂಪನಿಯದು ಇನ್ನೊಂದು. ವರ್ಷಕ್ಕೊಂದೆರಡು ಸಲ ಕಂಪನಿಯ ಹೋಶಿನೋ ಸಾನ್ ಎಂಬವರು ತರಗತಿಯ ಹಿಂದೆ ನಿಂತು ಪಾಠ ನೋಡಿ ಒಂದು ಫಾರ್ಮ್ ತುಂಬುತ್ತಾರೆ. ಅದರಲ್ಲಿ ಹದಿನೈದು ಪ್ರಶ್ನೆಗಳು. ಏಳನೆಯದು, "ಪಾಠದಲ್ಲಿ ಹಾಡು ಇತ್ತೇ? ಇಡೀ ತರಗತಿ ಭಾಗವಹಿಸಿತೇ?" ಕೊರೊನಾಕ್ಕೆ ಎಷ್ಟೋ ಮುಂಚೆ ಅಚ್ಚಾದ ಫಾರ್ಮ್ ಅದು. ಹಾಡಿದರೆ ಶಾಲೆಯ ನಿಯಮ ಮುರಿದಂತೆ, ಹಾಡದಿದ್ದರೆ ಕಂಪನಿಯ ಫಾರ್ಮಿನಲ್ಲಿ ಫೇಲು. ಅತ್ತ ದರಿ, ಇತ್ತ ಪುಲಿ.

ಅಕ್ಟೋಬರಿನಲ್ಲಿ ಹೋಶಿನೋ ಸಾನ್ ಬಂದರು. ಪ್ರಭಕ್ಕ ಶಾಲೆಯ ಮಾತು ಕೇಳಿದರು, ಹಾಡಿಸಲಿಲ್ಲ. ಏಳನೇ ಪ್ರಶ್ನೆಗೆ ಕತ್ತರಿ ಗುರುತು ಬಿತ್ತು. "ಜನವರಿಯಲ್ಲಿ ಮತ್ತೆ ಬರುತ್ತೇನೆ. ಆಗಲೂ ಹೀಗೇ ಆದರೆ ಏಪ್ರಿಲ್‌ನಿಂದ ಮುಂದುವರಿಸುವುದು ಸ್ವಲ್ಪ ಕಷ್ಟ" ಎಂದು ಅವರು ತಲೆ ಬಾಗಿಸಿದರಂತೆ. ಈ ದೇಶದಲ್ಲಿ 'ಸ್ವಲ್ಪ ಕಷ್ಟ' ಎಂದರೆ ಬಾಗಿಲು ಹಾಕಿ ಬೀಗ ಜಡಿದಂತೆ.

ನನಗೆ ಮೈಯೆಲ್ಲ ಉರಿಯಿತು. "ಫಾರ್ಮ್ ಚೇಂಜ್ ಮಾಡಿ ಅಂತ ಹೇಳೋಕೇನು ಪ್ರಭಕ್ಕ? ಅವರಿಗೆ ಕಣ್ಣಿಲ್ವಾ?"

"ಹೇಳ್ದೆ ಕಣ್ರೀ. ಪಾಪ, ನೋಟ್ ಮಾಡ್ಕೊಂಡ್ರು. ಫಾರ್ಮ್ ಬದಲಾಯಿಸೋಕೆ ಇನ್ನೊಂದು ಫಾರ್ಮ್ ಇದೆಯಂತೆ. ಅದನ್ನ ಮುಂದಿನ ವರ್ಷ ನೋಡ್ತಾರಂತೆ."

ನಗುತ್ತಲೇ ಹೇಳಿದರು. ಆದರೆ ಆಮೇಲೆ ಒಂದೂವರೆ ತಿಂಗಳು ನಮ್ಮ ಮನೆ ಕಡೆ ಸುಳಿಯಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ನಾನೇ ಬಲವಂತ ಮಾಡಿ ಕರೆದೆ. ನನ್ನ ಗಂಡ ವಿಘ್ನೇಶ್ ಊಟದ ಟೇಬಲ್ಲಿನಲ್ಲೇ ಆಫೀಸು ತೆರೆದು ಒಸಾಕಾದವರ ಜೊತೆ ಮೀಟಿಂಗಿನಲ್ಲಿದ್ದರು. ಒಂದು ಚಮಚ ಬಿದ್ದರೂ ದುರುಗುಟ್ಟಿ ನೋಡುತ್ತಿದ್ದರು. ನಾವು ಅಡುಗೆಮನೆಯಲ್ಲಿ ಕಳ್ಳರ ಹಾಗೆ ಪಿಸುಗುಟ್ಟುತ್ತಿದ್ದೆವು. ಪಕ್ಕದಲ್ಲಿ ನಿಶಾ ಹೋಂವರ್ಕ್ ಮಾಡುತ್ತಾ ಬೇಸರಕ್ಕೆ ಬೆರಳಲ್ಲಿ ಟಕ್ ಟಕ್ ಎಂದು ಮೇಜು ಕುಟ್ಟುತ್ತಿದ್ದಳು.

ಪ್ರಭಕ್ಕ ಆ ಬೆರಳನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

"ಅಯ್ಯೋ, ನಾನೆಂಥಾ ದಡ್ಡಿ! ಆರು ವರ್ಷ ಇದನ್ನೇ ಅಲ್ವೇನ್ರೀ ನಾನು ಮಾಡಿದ್ದು?"

ಹರಿಹರದ ಆ ಶಾಲೆಯಲ್ಲಿ ಒಂದು ದೊಡ್ಡ ಹಾಲನ್ನು ಎರಡು ತರಗತಿ ಮಾಡಲು ನಡುವೆ ಗೋಡೆ ಎಬ್ಬಿಸಿದ್ದರು. ಅದು ಎದೆಮಟ್ಟಕ್ಕೆ ಬಂದು ನಿಂತಿತು, ಮತ್ತೆ ಮೇಲೇಳಲೇ ಇಲ್ಲ. ಈಚೆ ಪ್ರಭಕ್ಕನ ಇಂಗ್ಲಿಷು, ಆಚೆ ಅನಂತಮೂರ್ತಿ ಮೇಷ್ಟ್ರ ಗಣಿತ. ಈಚೆ ಸ್ವಲ್ಪ ಸದ್ದಾದರೂ ಗೋಡೆಯ ಮೇಲಿಂದ ಸೀಮೆಸುಣ್ಣದ ಚೂರು ಹಾರಿ ಬರುತ್ತಿತ್ತು, ಹಿಂದೆಯೇ ಮೇಷ್ಟ್ರ ಗುಡುಗು. "ಮೇಡಂ, ನಿಮ್ ಸಂಡೇ ಮಂಡೇ ಎಲ್ಲಾ ಬಂದು ನನ್ ತ್ರಿಕೋನದ ಮೇಲೆ ಬೀಳ್ತಾ ಐತ್ರೀ!" ಅದಕ್ಕೇ ಪ್ರಭಕ್ಕ ಬಾಯಿಲ್ಲದ ಹಾಡು ಕಟ್ಟಿದ್ದರು. ಉಚ್ಚಾರದ ತುಂಡಿಗೊಂದರಂತೆ ಮಂಡೇಗೆ ಬೆಂಚಿನ ಮೇಲೆ ಎರಡು ಬೆರಳೇಟು, ಸ್ಯಾಟರ್ಡೇಗೆ ಮೂರು. ಒತ್ತಿ ಹೇಳುವ ಕಡೆ ಜೋರು ಏಟು, ಉಳಿದ ಕಡೆ ಮೆಲ್ಲಗೆ. ಅವರು ವಾರದ ತಾಳ ಹಾಕುತ್ತಾ ನಡುವೆ ನಿಲ್ಲಿಸಿದರೆ ಮಕ್ಕಳು ಅದು ಯಾವ ದಿನ ಎಂದು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯುತ್ತಿದ್ದರು.

ಇಲ್ಲಿ ಸ್ಲೇಟಿನ ಬದಲು ನೂರು ಯೆನ್ ಅಂಗಡಿಯಿಂದ ಪುಟ್ಟ ಬಿಳಿ ಬೋರ್ಡುಗಳು ಬಂದವು, ಮಗುವಿಗೊಂದು. ಜನವರಿಯಿಡೀ ನಮ್ಮ ಮನೆಯಲ್ಲಿ ನಿಶಾ ಬೆರಳಲ್ಲೇ ಮಾತಾಡಿದಳು. ಅನ್ನ ಬೇಕಿದ್ದರೂ ಟಕ್ ಟಕ್.

ತಿಂಗಳ ಕೊನೆಗೆ ಹೋಶಿನೋ ಸಾನ್ ಮತ್ತೆ ಬಂದ ದಿನ ತರಗತಿಯಲ್ಲಿ ನಾನಿರಲಿಲ್ಲ, ಆಗ ಪೋಷಕರನ್ನು ಒಳಗೆ ಬಿಡುತ್ತಿರಲಿಲ್ಲ. ನಿಶಾ ಹೇಳಿದ್ದಷ್ಟು, ಪ್ರಭಕ್ಕ ಹೇಳಿದ್ದಷ್ಟು, ಒಗ್ಗರಣೆ ಮಾತ್ರ ನನ್ನದು.

ಹೋಶಿನೋ ಸಾನ್ ಶಾಲೆಯವರು ಕೊಟ್ಟ ಹಸಿರು ಚಪ್ಪಲಿ ಮೆಟ್ಟಿ ಹಿಂದೆ ನಿಂತರು. ಪ್ರಭಕ್ಕ ಬೋರ್ಡಿನ ಮೇಲೆ ವಾರದ ದಿನಗಳನ್ನು ಬರೆದರು, ಕೋಲೆತ್ತಿದರು. ಮೂವತ್ತು ಮಕ್ಕಳ ಬೆರಳುಗಳು ಒಟ್ಟಿಗೆ ಮೇಜಿನ ಮೇಲೆ ಬಿದ್ದವು. ಯಾರ ಬಾಯಿಂದಲೂ ಒಂದು ಅಕ್ಷರ ಇಲ್ಲ. ವಾರ ಒಂದು ಸುತ್ತು ಮುಗಿದು ಎರಡನೆಯದು ಶುರುವಾಯಿತು, ಆಮೇಲೆ ಇನ್ನೂ ಬೇಗ. ಪ್ರಭಕ್ಕ ಬುಧವಾರಕ್ಕೆ ಕೋಲು ನಿಲ್ಲಿಸಿದರೆ ಎಲ್ಲ ಬೆರಳೂ ಅಲ್ಲೇ ನಿಂತವು.

ಹೋಶಿನೋ ಸಾನ್‌ರ ಪೆನ್ನು ಏಳನೇ ಪ್ರಶ್ನೆಯ ಮೇಲೆ ತೂಗಾಡತೊಡಗಿತು. ಪ್ರಾಮಾಣಿಕ ಮನುಷ್ಯ, ಸುಮ್ಮನೆ ಗೀಚುವ ಪೈಕಿಯಲ್ಲ. ಕೊನೆಗೆ ಕ್ಷಮೆ ಕೋರುತ್ತಾ ಮಕ್ಕಳನ್ನೇ ಕೇಳಿದರು. "ಸುಮಿಮಾಸೆನ್, ಇದು ಹಾಡೇ?"

ಕೈ ಎತ್ತಿದ್ದು ನನ್ನ ಮಗಳು. ಶಾಲೆಯಲ್ಲಿ ಪ್ರಭಾ ಸೆನ್ಸೇಯ ಪರಿಚಯವೇ ಇಲ್ಲದವಳಂತೆ ಓಡಾಡುತ್ತಿದ್ದ ಬಿನ್ನಾಣಗಿತ್ತಿ. ಎದ್ದು ನಿಂತು ತಲೆ ಬಾಗಿಸಿ, ಬಲು ವಿನಯದ ಜಪಾನಿಯಲ್ಲಿ ಹೇಳಿದಳು. "ಹಾಡೇ ಅಂತ ನನಗನ್ನಿಸುತ್ತೆ. ಆಗಿನಿಂದ ನಿಮ್ಮ ಕಾಲೂ ತಾಳ ಹಾಕ್ತಾ ಇದೆ."

ಮೂವತ್ತು ತಲೆಗಳು ತಿರುಗಿದವು. ಆ ನಿಶ್ಶಬ್ದದಲ್ಲಿ ಹಸಿರು ಚಪ್ಪಲಿ ಇನ್ನೂ ಪಟ್ ಪಟ್ ಎನ್ನುತ್ತಿತ್ತು. ಹೋಶಿನೋ ಸಾನ್ ತಮ್ಮ ಕಾಲನ್ನು ತಾವೇ ಬಗ್ಗಿ ನೋಡಿಕೊಂಡರು. ಮಾಸ್ಕಿನಾಚೆಗೂ ಮುಖ ಕೆಂಪಾದದ್ದು ಕಂಡಿತಂತೆ. ಮಕ್ಕಳು ನಗುವಂತಿಲ್ಲವಾದ್ದರಿಂದ ಬೋರ್ಡುಗಳ ಹಿಂದೆ ಮುಖ ಮುಚ್ಚಿಕೊಂಡು ಕುಲುಕಾಡಿದರು. ಏಳನೇ ಪ್ರಶ್ನೆಯ ಮುಂದೆ ಒಂದು ದುಂಡನೆಯ ಸೊನ್ನೆ ಬಿತ್ತು. ಇಲ್ಲಿ ಸೊನ್ನೆ ಎಂದರೆ ಸರಿ. ಪ್ರಭಕ್ಕನಿಗೆ ಏಪ್ರಿಲ್ ಸಿಕ್ಕಿತು.

ಅವತ್ತು ರಮಾಕಾಂತರು ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ಕೇಕು ತಂದರು. ನಾಲ್ಕು ವಾಕ್ಯದ ಲೆಕ್ಕ ಬಿಟ್ಟು ಐದನೆಯದನ್ನೂ ಆಡಿದರು. "ನಮ್ಮನೇಲೂ ಒಬ್ರು ಸೆನ್ಸೇ ಇದಾರೆ."

ಕತೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ೨೦೨೩ರಲ್ಲಿ ಮಾಸ್ಕ್ ಇಳಿಯಿತು, ನಿಯಮ ಸಡಿಲಾಯಿತು. ಜೂನ್‌ನ ಒಂದು ದಿನ ಪ್ರಭಕ್ಕನ ತರಗತಿ ಗಂಟಲು ಬಿಚ್ಚಿ ಹಾಡಿತು, ಕಿಟಕಿ ಗಾಜು ಅದುರುವಷ್ಟು. ಹಿಂದೆ ನಿಂತಿದ್ದ ಹೋಶಿನೋ ಸಾನ್ ಪಾಠ ಮುಗಿದ ಮೇಲೆ ಮೆಲ್ಲಗೆ ಹತ್ತಿರ ಬಂದರು. ಕೈಯಲ್ಲಿ ಹೊಸ ಫಾರ್ಮ್, ಹದಿನಾರು ಪ್ರಶ್ನೆಗಳದ್ದು. "ಸುಮಿಮಾಸೆನ್, ಪ್ರಭಾ ಸೆನ್ಸೇ. ಎಂಟನೆಯದು ಇವತ್ತು ಆಗಲಿಲ್ಲ."

ಎಂಟನೆಯದು, "ಸದ್ದಿಲ್ಲದ ಹಾಡು ಇತ್ತೇ?"

ಕಂಪನಿ ಅದನ್ನು ಕೈಪಿಡಿಗೆ ಸೇರಿಸಿಬಿಟ್ಟಿತ್ತು. ಇಂಗ್ಲಿಷ್ ಹುಟ್ಟುತ್ತಲೇ ಬಂದ ಟೀಚರುಗಳೆಲ್ಲ ಯೋಕೋಹಾಮಾದವರೆಗೂ ಕೂತು ಬೆರಳು ಕುಟ್ಟುತ್ತಿದ್ದಾರಂತೆ. ಪ್ರಭಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, ಮುಂದಿನ ತರಗತಿಗೂ ಅವರನ್ನು ನಿಲ್ಲಿಸಿಕೊಂಡು ಎಂಟನೆಯದನ್ನೂ ಮಾಡಿ ತೋರಿಸಿದರು. ಕೈಪಿಡಿಯಲ್ಲಿ 'ಈ ಪದ್ಧತಿಯ ಮೂಲ' ಎಂಬ ಜಾಗ ಖಾಲಿ ಇತ್ತು. ಯಾವ ವಿಶ್ವವಿದ್ಯಾಲಯದ್ದು ಎಂದು ಬರೆಯಲಿ ಎಂದು ಹೋಶಿನೋ ಸಾನ್ ಕೇಳಿದರು. ಪ್ರಭಕ್ಕ ಪೆನ್ನು ಇಸಿದುಕೊಂಡು ತಾವೇ ಬರೆದರು. "ಹರಿಹರ. ಅರ್ಧ ಗೋಡೆ."

ಆ ಭಾನುವಾರ ನಮ್ಮ ಮನೆಯಿಂದಲೇ ಅನಂತಮೂರ್ತಿ ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ, ಗುಡುಗು ಮಾತ್ರ ಹಾಗೇ ಇದೆ. ಎಲ್ಲ ಕೇಳಿಸಿಕೊಂಡರು.

"ಆ ಗೋಡೆ ಪೂರ್ತಿ ಮಾಡಿಸ್ರೀ ಅಂತ ವರ್ಷಾ ವರ್ಷಾ ಅರ್ಜಿ ಬರೆದೆ ನೋಡ್ರಿ ಮೇಡಂ. ಒಬ್ರೂ ಓದ್ಲಿಲ್ಲ," ಎಂದರು. "ಓದ್ದೇ ಇದ್ದದ್ದೇ ಚಲೋ ಆತು ಬಿಡ್ರಿ."