ಶಿರಂಗಾಲ ದೂರ, ಲಂಡನ್ ಹತ್ತಿರ

ಮಾದಾಪುರದ ಆ ಎಸ್ಟೇಟಿನಲ್ಲಿ ಜವರಿಯ ಬಾಯಿಗೆ ಹೆದರದವರಿದ್ದರೆ ಅವರು ಕಿವುಡರೇ ಇರಬೇಕು. ಗಂಡ ಜ್ವರದಲ್ಲಿ ಹೋದ ಮೇಲೆ ಕಾಫಿ ಹಣ್ಣು ಕುಯ್ದು ಒಬ್ಬಳೇ ಮಗಳು ಸೋಮಿಯನ್ನು ಸಾಕಿ, ಎರಡು ದಿನದ ನಡಿಗೆಯ ಶಿರಂಗಾಲಕ್ಕೆ ಮದುವೆ ಮಾಡಿ ಕೊಟ್ಟವಳು ಅವಳು. ಅಂಥವಳೂ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದಳು. ಸೋಮಿಯದು ಅತ್ತೆಯಿಲ್ಲದ ಮನೆ. ಮಗಳ ಚೊಚ್ಚಲ ಹೆರಿಗೆಗೆ ಹೋಗುತ್ತೇನೆಂದರೆ ತೋಟದ ಹಾಜರಿ, ಲೆಕ್ಕ ನೋಡುವ ರೈಟರ್ ಬೆಳ್ಳಿಯಪ್ಪ ಕೊಯ್ಲಿನ ಕಾಲವೆಂದು ರಜೆ ಕೊಡಲಿಲ್ಲ. ಇವಳು ಸುಮ್ಮನಾದಳು. ಕೂಸು ಉಳಿಯಲಿಲ್ಲ. ಹಾಗೆ ಸುಮ್ಮನಿದ್ದದ್ದಕ್ಕೆ ಅವಳು ತನ್ನನ್ನು ತಾನೇ ಶಪಿಸಿಕೊಂಡಳು.

ಮತ್ತೆ ಸೋಮಿಗೆ ದಿನ ತುಂಬಿತು, ಮತ್ತೆ ಅದೇ ಕೊಯ್ಲು. ಆ ವಾರ ಕೂಲಿಯವರ ಲೈನು ಮನೆಗಳಲ್ಲೆಲ್ಲ ಒಂದೇ ಸುದ್ದಿ: ತೋಟದ ಬಿಳಿ ದೊರೆಯ ಹೆಂಡತಿ ದೊರೆಸಾನಿಗೂ ಹೆರಿಗೆ ಹತ್ತಿರ, ಅವಳ ತಾಯಿ ಲಂಡನ್ನಿನಿಂದ ವಿಮಾನದಲ್ಲಿ ಬರುತ್ತಿದ್ದಾಳೆ. ಹಾಜರಿ ಕರೆಯುವಾಗ ಬೆಳ್ಳಿಯಪ್ಪ, ವಿಮಾನ ಓಡಿಸುವವನು ತಾನೇ ಎಂಬಂತೆ ವಿವರಿಸಿದ. ಹಡಗಿನಲ್ಲಾದರೆ ಮೂರು ವಾರ, ಈಗ ಏಳೇ ದಿನಕ್ಕೆ ಕರಾಚಿ, ಆಮೇಲೆ ರೈಲು, ಮೋಟಾರು. ಸಾವಿರಾರು ಮೈಲಿ ಅಂಗೈಯಗಲವಾಯಿತು ಎಂದ.

ಆಗಲೇ ಜವರಿ ರಜೆ ಕೇಳಿದ್ದು. ಕೊಯ್ಲು ಬಿಟ್ಟು ಅಷ್ಟು ದೂರ ಯಾಕೆ, ಅಲ್ಲೇನು ಸೂಲಗಿತ್ತಿಯರಿಲ್ಲವೇ ಎಂದ ಅವನು.

"ಅಲ್ಲ ರೈಟ್ರೇ, ಆ ಅಮ್ಮಂಗೆ ಲಂಡನ್ ಹತ್ರ, ನಂಗೆ ಶಿರಂಗಾಲ ದೂರವಾ? ಅವ್ರ ಮಗಳೂ ಹೆರೋದೇ, ನನ್ನ ಮಗಳೂ ಹೆರೋದೇ."

ಹೋದರೆ ಲೈನಿನ ಕೋಣೆ ಸಿಗದು ಎಂದು ಹೆದರಿಸಿದ. ಜವರಿ ಖಾಲಿ ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟು, ಸೆರಗು ಬಿಗಿದು ಹೊರಟೇಬಿಟ್ಟಳು. ದಾರಿಯಲ್ಲಿ ಹೆಬ್ಬಾಲೆ ಹತ್ತಿರ ಹಿಮ್ಮಡಿ ಒಡೆದು ರಕ್ತ ಬಂತು. ಬಟ್ಟೆ ಸುತ್ತಿಕೊಂಡು ನಡೆದಳು. ಕೂತರೆ ಏಳಲಾರೆನೆಂಬ ಭಯ. ಮಾರನೆಯ ಸಂಜೆ ಮನೆ ಮುಟ್ಟಿದಾಗ ಸೋಮಿ ಕಂಬ ಹಿಡಿದು ನೋವು ತಿನ್ನುತ್ತಿದ್ದಳು. ಅವ್ವನ ಮುಖ ಕಂಡದ್ದೇ ತಡ, ಗೊಳೋ ಎಂದು ಅತ್ತಳು. ಬೆಳಗಾಗುವುದರೊಳಗೆ ಹೆಣ್ಣು ಕೂಸು ಹುಟ್ಟಿತು. ಅದರ ಗಂಟಲು ಕೇಳಿ, ಇದು ನನ್ನ ಮೊಮ್ಮಗಳೇ ಸೈ ಎಂದುಕೊಂಡಳು ಜವರಿ.

ಪುರುಡು ಕಳೆದ ಮೇಲೆ ತಿರುಗಿ ಬಂದರೆ ಕೋಣೆಗೆ ಬೀಗ, ಗಡಿಗೆಗಳೆಲ್ಲ ಅಂಗಳದಲ್ಲಿ. ಇತ್ತ ಮೊದಲೇ ಆಳು ಕಡಿಮೆ, ಇವಳೂ ಹೋಗಿ ಕೈ ಸಾಲದೆ ಹಣ್ಣು ಗಿಡದಲ್ಲೇ ಒಣಗಿ ಉದುರಿ, ಬೆಳ್ಳಿಯಪ್ಪ ದೊರೆಯಿಂದ ಉಗಿಸಿಕೊಂಡಿದ್ದ. ಅವಳನ್ನು ಕಂಡು ಬೀಗದ ಕೈ ಹಿಡಿದೇ ಬಂದ. ಆದದ್ದಾಯಿತು, ಗಡಿಗೆ ಒಳಗಿಟ್ಟುಕೊಂಡು ಕೆಲಸಕ್ಕೆ ಬಾ ಎಂದ.

ದೊರೆಸಾನಿಯ ತಾಯಿ ಬಂದರೇ ಎಂದು ಜವರಿ ಕೇಳಿದಳು. ದಾರಿಯಲ್ಲಿ ಮರಳುಗಾಳಿ ಎದ್ದು ವಿಮಾನ ಎಲ್ಲೋ ನಿಂತಿದೆಯಂತೆ, ಇನ್ನೂ ಬಂದಿಲ್ಲ ಎಂದು ಅವನು ಗೊಣಗಿದ. ಮಗಳಿಗಾಗಿ ಹೊರಟ ಆ ಹೆಂಗಸನ್ನು ನೆನೆದು ಜವರಿಗೆ ಪಾಪ ಎನ್ನಿಸಿತು. ಎದುರಿಗೆ ನಿಂತವನನ್ನು ನೋಡಿ ಮಾತ್ರ ಏನೂ ಅನ್ನಿಸಲಿಲ್ಲ. ಹೊಸ್ತಿಲ ಮುಂದೆ ಕಾಲು ಚಾಚಿ ಕೂತಳು.

"ಹೊರಗಿಟ್ಟ ಕೈಯೇ ಒಳಗಿಡ್ಲಿ."

ಲೈನಿನವರೆಲ್ಲ ಬುಟ್ಟಿ ಹಿಡಿದು ನಿಂತರು, ಒಬ್ಬರೂ ತೋಟದ ಕಡೆ ಹೆಜ್ಜೆ ಇಡಲಿಲ್ಲ. ಜಾತಿ ಕೆಡುತ್ತದೆಂದು ಆ ಅಂಗಳದಲ್ಲಿ ಒಂದು ಲೋಟ ನೀರೂ ಕುಡಿಯದ ಬೆಳ್ಳಿಯಪ್ಪ ಬೀಗ ತೆಗೆದು, ಬಗ್ಗಿ ಅನ್ನದ ಗಡಿಗೆ ಎತ್ತಿದ. ಮಸಿ ಅವನ ಬಿಳಿ ಅಂಗಿಗೆಲ್ಲ ಹತ್ತಿತು.

"ಸಾರಿನ ಗಡಿಗೆ ಇನ್ನೂ ಹೊರಗೇ ಐತೆ," ಎಂದಳು ಜವರಿ.